ಚಳಿಗಾಲಕ್ಕೆ ಟ್ರಾವೆಲ್ ಟ್ರೇಲರ್‌ನ ಲಿಥಿಯಂ ಬ್ಯಾಟರಿ ಎತ್ತಿಡುವುದು ಹೇಗೆ?

ಅಮೆರಿಕದ ಉತ್ತರದ ರಾಜ್ಯಗಳಲ್ಲೋ ಕೆನಡಾದಲ್ಲೋ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆ) ಇಟ್ಟುಕೊಂಡಿರುವ ಕನ್ನಡಿಗರಿಗೆ ಅಕ್ಟೋಬರ್ ಬಂತೆಂದರೆ ಕೈತುಂಬ ಕೆಲಸ. ನೀರಿನ ಪೈಪ್ ಖಾಲಿ ಮಾಡಬೇಕು. ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಬೇಕು. ಫ್ರಿಜ್ ಒರೆಸಿ ಬಾಗಿಲು ತೆರೆದಿಡಬೇಕು. ಇಲಿ ನುಗ್ಗುವ ಸಂದಿಗಳನ್ನೆಲ್ಲ ಮುಚ್ಚಬೇಕು. ಇಷ್ಟೆಲ್ಲ ಸಲೀಸಾಗಿ ಮಾಡಿದವರೂ ಬ್ಯಾಟರಿಯ ಹತ್ತಿರ ಬಂದಾಗ ತಡವರಿಸುತ್ತಾರೆ. ಚಾರ್ಜರ್‌ಗೆ ಹಾಕಿ ಬಿಟ್ಟುಬಿಡೋದಾ, ಬಿಚ್ಚಿ ಮನೆಗೆ ತರೋದಾ?

ಲಿಥಿಯಂ ಬ್ಯಾಟರಿಯಾದರೆ ನನ್ನ ಉತ್ತರ ಚಿಕ್ಕದು. ಅರ್ಧಕ್ಕಿಂತ ಸ್ವಲ್ಪ ಮೇಲೆ ಚಾರ್ಜ್ ಉಳಿಸಿ, ತಂತಿಗಳನ್ನು ಪೂರ್ತಿ ಬಿಚ್ಚಿ, ಮನೆಯೊಳಗೆ ತಂದು ಸುಮ್ನೆ ಇಡಿ. ಈ ಬ್ಯಾಟರಿ ಬರೀ ಚಳಿಗೆ ಸುಲಭವಾಗಿ ಹಾಳಾಗುವುದಿಲ್ಲ. ಅದನ್ನು ಹಾಳುಮಾಡುವುದು ಎರಡು ವಿಷಯ. ಒಂದು, ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡುವುದು. ಇನ್ನೊಂದು, ನಮಗೆ ಕಾಣದ ಯಾವುದೋ ಸಣ್ಣ ಉಪಕರಣ ತಿಂಗಳುಗಟ್ಟಲೆ ಕರೆಂಟ್ ಹೀರುತ್ತಾ ಕೂರುವುದು. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಎರಡನ್ನು ತಪ್ಪಿಸುವುದಕ್ಕೇ ಇರುವುದು.

ಹಳೆಯ ಅಭ್ಯಾಸ ಇಲ್ಲಿ ನಡೆಯೋದಿಲ್ಲ

ನಮ್ಮಲ್ಲಿ ಹೆಚ್ಚಿನವರ ಬ್ಯಾಟರಿ ಜ್ಞಾನ ಊರಿನ ಮನೆಯ ಯುಪಿಎಸ್‌ನಿಂದ ಬಂದದ್ದು. ಅದು ಸೀಸ-ಆಸಿಡ್ ಬ್ಯಾಟರಿ. ಯಾವಾಗಲೂ ತುಂಬಿರಬೇಕು, ಚಾರ್ಜಿಂಗ್‌ನಲ್ಲೇ ಇರಬೇಕು, ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಟ್ರೇಲರ್‌ನ ಹಳೆಯ ಸೀಸದ ಬ್ಯಾಟರಿಗೂ ಇದೇ ಸರಿ. ಚಾರ್ಜ್ ಇಳಿದ ಸೀಸದ ಬ್ಯಾಟರಿಯ ಒಳಗಿನ ದ್ರವದಲ್ಲಿ ನೀರಿನ ಪಾಲು ಜಾಸ್ತಿಯಾಗುತ್ತದೆ, ಚಳಿಗೆ ಹೆಪ್ಪುಗಟ್ಟಿ ಪೆಟ್ಟಿಗೆಯೇ ಒಡೆಯಬಹುದು. ಅದಕ್ಕೇ ಚಳಿಗಾಲವಿಡೀ ಸಣ್ಣ ಚಾರ್ಜರ್‌ಗೆ ಹಾಕಿಡುವ ಪದ್ಧತಿ ಬಂತು.

ಲಿಥಿಯಂನಲ್ಲಿ ನೀರೇ ಇಲ್ಲ. ಚಾರ್ಜ್ ತಾನಾಗಿ ಸೋರುವುದೂ ಬಹಳ ಕಡಿಮೆ, ತಿಂಗಳಿಗೆ ಶೇಕಡ 2-3ರಷ್ಟು. ನವೆಂಬರ್‌ನಲ್ಲಿ ಶೇ. 60 ಇಟ್ಟು ಬಿಚ್ಚಿಟ್ಟರೆ ಏಪ್ರಿಲ್‌ನಲ್ಲಿ ಶೇ. 45-50 ಸಿಗುತ್ತದೆ. ಇನ್ನೇನು ಬೇಕು? ಇಡೀ ಚಳಿಗಾಲ ಪೂರ್ತಿ ತುಂಬಿಸಿ ಚಾರ್ಜರ್‌ಗೆ ಕಟ್ಟಿಹಾಕುವುದರಿಂದ ಲಾಭವಂತೂ ಇಲ್ಲ. ತುಂಬು ಚಾರ್ಜಿನಲ್ಲಿ, ಅದರಲ್ಲೂ ಬೆಚ್ಚಗಿನ ಜಾಗದಲ್ಲಿ ಕುಳಿತ ಲಿಥಿಯಂ ಸೆಲ್ ಬೇಗ ಮುಪ್ಪಾಗುತ್ತದೆ.

ಸೊನ್ನೆ ಡಿಗ್ರಿ ಯಾಕೆ ಗಡಿ?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ನಿಯಮ ಮರೆಯೋದಿಲ್ಲ.

ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಇರುವ ಗ್ರಾಫೈಟ್ ಪದರಗಳ ಒಳಗೆ ಹೋಗಿ ಕೂರಬೇಕು. ಬೆಚ್ಚಗಿದ್ದಾಗ ಇದು ಸಲೀಸು. ಚಳಿಯಲ್ಲಿ ಒಳಗೆ ಹೋಗುವ ವೇಗ ತೀರಾ ಕುಗ್ಗುತ್ತದೆ. ಚಾರ್ಜರ್ ಮಾತ್ರ ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಬಾಗಿಲಿಗೆ ಜನ ಮುತ್ತಿಕೊಂಡ ಹಾಗೆ ಅಯಾನುಗಳು ಗ್ರಾಫೈಟ್‌ನ ಹೊರಗೇ ಗುಂಪುಗಟ್ಟಿ, ಅಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ್ದರಲ್ಲಿ ಬಹುಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕಡಿಮೆಯಾಗುತ್ತದೆ. ಲೋಹ ಜಾಸ್ತಿ ಬೆಳೆದರೆ ಸೆಲ್ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ.

ಹಾಗಾಗಿ 0 ಡಿಗ್ರಿ ಸೆಲ್ಸಿಯಸ್, ಅಂದರೆ 32 ಫ್ಯಾರನ್‌ಹೀಟ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು. ಬಳಸುವುದಕ್ಕೆ ಈ ಗಡಿ ಇಲ್ಲ. ಸಾಮಾನ್ಯವಾಗಿ ಮೈನಸ್ 20 ಸೆಲ್ಸಿಯಸ್‌ವರೆಗೆ, ಅಂದರೆ ಮೈನಸ್ 4 ಫ್ಯಾರನ್‌ಹೀಟ್‌ವರೆಗೆ ಬ್ಯಾಟರಿಯಿಂದ ಕರೆಂಟ್ ತೆಗೆಯಬಹುದು, ಸ್ವಲ್ಪ ಕಡಿಮೆ ಸಿಗುತ್ತದೆ ಅಷ್ಟೆ. ಇಟ್ಟುಕೊಳ್ಳುವುದಕ್ಕೂ ಸುಮಾರಾಗಿ ಇದೇ ಕೆಳಗಡಿ. ಕೆಲವು ತಯಾರಕರು ಇನ್ನೂ ಕೆಳಗೆ ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ.

ಹೆಜ್ಜೆ 1: ನಿಮ್ಮ ಬ್ಯಾಟರಿಯ ಗುರುತು ಮಾಡಿಕೊಳ್ಳಿ

ಟ್ರೇಲರ್‌ಗಳಿಗೆ ಬರುವ ಲಿಥಿಯಂ ಬ್ಯಾಟರಿ ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ. 1990ರ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ತೋರಿಸಿಕೊಟ್ಟ ವಸ್ತು ಇದು. ಅದೇ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕೆ 2019ರಲ್ಲಿ ನೊಬೆಲ್ ಬಂತು, 97ನೇ ವಯಸ್ಸಿನಲ್ಲಿ! ಫೋನ್, ಲ್ಯಾಪ್‌ಟಾಪ್‌ಗಳ ಬ್ಯಾಟರಿಗಿಂತ ಇದು ಬೆಂಕಿಯ ವಿಷಯದಲ್ಲಿ ಎಷ್ಟೋ ಸಾಧು. ಒಂದು ಸೆಲ್ 3.2 ವೋಲ್ಟ್, ನಾಲ್ಕು ಸೇರಿ 12.8 ವೋಲ್ಟ್.

ಸೆಲ್‌ಗಳ ಜೊತೆ ಪೆಟ್ಟಿಗೆಯೊಳಗೆ ಒಂದು ಕಾವಲು ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಬಿಎಂಎಸ್ ಅನ್ನುತ್ತಾರೆ. ಅತಿಯಾಗಿ ತುಂಬಿದರೆ, ಅತಿಯಾಗಿ ಖಾಲಿಯಾದರೆ, ಶಾರ್ಟ್ ಆದರೆ ಅದು ಸಂಪರ್ಕ ಕಡಿಯುತ್ತದೆ. ಆದರೆ ಚಳಿಯಲ್ಲಿ ಚಾರ್ಜ್ ನಿಲ್ಲಿಸುವ ಸೌಲಭ್ಯ ಎಲ್ಲದರಲ್ಲೂ ಇರುವುದಿಲ್ಲ. ಅಗ್ಗದ ಬ್ಯಾಟರಿ ಕೊಂಡವರು ಇದನ್ನು ಖಂಡಿತ ನೋಡಬೇಕು. ಕೈಪಿಡಿ ತೆಗೆದು ನಾಲ್ಕು ವಿಷಯ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಚಾರ್ಜ್ ಮಾಡಬಹುದಾದ ಕನಿಷ್ಠ ತಾಪಮಾನ, ಇಟ್ಟುಕೊಳ್ಳಬಹುದಾದ ಕನಿಷ್ಠ ತಾಪಮಾನ, ಚಳಿಯಲ್ಲಿ ಚಾರ್ಜ್ ತಡೆಯುವ ವ್ಯವಸ್ಥೆ ಇದೆಯೇ, ಒಳಗೆ ಹೀಟರ್ ಇದೆಯೇ. ಆ ಚೀಟಿಯನ್ನು ಬ್ಯಾಟರಿಗೇ ಅಂಟಿಸಿ. ಮುಂದಿನ ವರ್ಷ ಹುಡುಕೋದು ತಪ್ಪುತ್ತದೆ.

ಹೀಟರ್ ಇರುವ ಬ್ಯಾಟರಿ ಕೊಂಡವರಲ್ಲಿ ಒಂದು ತಪ್ಪು ತಿಳಿವಳಿಕೆ ಕಾಣುತ್ತೇನೆ. ಹೀಟರ್ ಇದೆ, ಆದ್ದರಿಂದ ಚಳಿಗಾಲವಿಡೀ ಹೊರಗೇ ಬಿಡಬಹುದು ಎಂದುಕೊಳ್ಳುತ್ತಾರೆ. ಆ ಹೀಟರ್ ಇರುವುದು ಚಳಿಯಲ್ಲಿ ಪ್ರಯಾಣ ಮಾಡುವವರಿಗೆ, ಚಾರ್ಜ್ ಮಾಡುವ ಮೊದಲು ಸೆಲ್ ಬೆಚ್ಚಗಾಗಲಿ ಅಂತ. ಕೆಲವು ಹೀಟರ್‌ಗಳು ಚಾರ್ಜರ್‌ನ ಕರೆಂಟ್ ಬಂದಾಗ ಮಾತ್ರ ಓಡುತ್ತವೆ. ಇನ್ನು ಕೆಲವು ಬ್ಯಾಟರಿಯ ಕರೆಂಟನ್ನೇ ತಿನ್ನುತ್ತವೆ. ಎರಡನೆಯ ಬಗೆಯದನ್ನು ಆನ್ ಮಾಡಿ ಬಿಟ್ಟರೆ ಜನವರಿಯ ಒಂದು ವಾರ ಸಾಕು, ಬ್ಯಾಟರಿ ಖಾಲಿ. ಆ್ಯಪ್‌ನಲ್ಲೋ ಸ್ವಿಚ್‌ನಲ್ಲೋ ಹೀಟರನ್ನು ಆಫ್ ಮಾಡಿಯೇ ಎತ್ತಿಡಿ.

ಹೆಜ್ಜೆ 2: ಜಾಗ ಯಾವುದು ಅಂತ ಮೊದಲೇ ನಿರ್ಧರಿಸಿ

100 ಆಂಪ್-ಅವರ್‌ನ ಎಲ್‌ಎಫ್‌ಪಿ ಬ್ಯಾಟರಿ ಸುಮಾರು 11ರಿಂದ 14 ಕಿಲೋ. ಅಷ್ಟೇ ಆಂಪ್-ಅವರ್‌ನ ಸೀಸದ್ದಾದರೆ ಇದರ ಎರಡರಷ್ಟು ಭಾರ. ಅಂದರೆ ಇದನ್ನು ಒಬ್ಬರೇ ಎತ್ತಿ ತರಬಹುದು. ಬೇಸ್‌ಮೆಂಟ್ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಚಳಿಗಾಲದಲ್ಲಿ ಅಲ್ಲಿ 10-15 ಡಿಗ್ರಿ ಸೆಲ್ಸಿಯಸ್ ಇದ್ದರೆ ಬ್ಯಾಟರಿಗೆ ಹಬ್ಬ. ಫರ್ನೇಸ್, ವಾಟರ್ ಹೀಟರ್‌ಗಳಿಂದ ದೂರ ಇಡಿ. ಒಣ ಜಾಗವಾಗಿರಲಿ. ಮೆಟ್ಟಿಲ ಕೆಳಗೆ, ಬಾಗಿಲ ಬಳಿ ಬೇಡ. ಎಲ್‌ಎಫ್‌ಪಿ ಸಾಧು ನಿಜ, ಆದರೂ ಏನಾದರೂ ಆದರೆ ಓಡಿಹೋಗುವ ದಾರಿಯಲ್ಲಿ ಅದು ಕೂತಿರಬಾರದು. ಮಕ್ಕಳ ಕೈಗೆ ಸಿಗದ ಕಪಾಟಿನ ಕೆಳಗಿನ ಹಲಗೆ ಸಾಕು. ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿದುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ, ಅದು ಬಹಳ ಹಳೆಯ ಕಾಲದ ಬ್ಯಾಟರಿ ಪೆಟ್ಟಿಗೆಗಳ ಮಾತು.

ಊದಿಕೊಂಡ, ಬಿರುಕು ಬಿಟ್ಟ, ನೀರಿನಲ್ಲಿ ಮುಳುಗಿದ್ದ ಬ್ಯಾಟರಿಯನ್ನು ಮಾತ್ರ ಮನೆಯೊಳಗೆ ತರಬೇಡಿ. ಅದು ಬೇಸ್‌ಮೆಂಟ್‌ಗೆ ಹೋಗುವಂಥದ್ದಲ್ಲ, ಮರುಬಳಕೆ ಕೇಂದ್ರಕ್ಕೆ ಹೋಗಬೇಕಾದದ್ದು.

ಬಹಳ ಜನರಿಗೆ ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಡಾವಣೆಯ ಸಂಘ ಬಿಡುವುದಿಲ್ಲ. ಟ್ರೇಲರ್ ಊರಾಚೆಯ ಸ್ಟೋರೇಜ್ ಲಾಟ್‌ನಲ್ಲಿರುತ್ತದೆ, ಅಲ್ಲಿ ಕರೆಂಟ್ ಇರುವುದಿಲ್ಲ. ಇಂಥವರು ಬ್ಯಾಟರಿಯನ್ನು ಮನೆಗೆ ತರಲೇಬೇಕು ಅಂತ ನನ್ನ ಅಭಿಪ್ರಾಯ. ಹಿಮ ಬಿದ್ದ ಮೇಲೆ ಆ ಲಾಟ್‌ಗೆ ಹೋಗಿ ಬ್ಯಾಟರಿ ನೋಡಿ ಬರುತ್ತೇನೆ ಅನ್ನುವುದೆಲ್ಲ ಬಾಯಿಮಾತು. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೊರಟವರಂತೂ ನೋಡುವ ಮಾತೇ ಇಲ್ಲ. ಕಳ್ಳತನದ ಭಯವೂ ಉಂಟು.

ಹೆಜ್ಜೆ 3: ಒಮ್ಮೆ ಪೂರ್ತಿ ತುಂಬಿಸಿ, ಆಮೇಲೆ ಇಳಿಸಿ

ಅರ್ಧ ಚಾರ್ಜಿನಲ್ಲಿ ಇಡಿ ಎಂದವರು ಮೊದಲು ಪೂರ್ತಿ ತುಂಬಿಸಿ ಅನ್ನುತ್ತಿದ್ದಾರಲ್ಲ ಎಂದು ಅನ್ನಿಸಬಹುದು. ಎರಡು ಕಾರಣ ಇವೆ.

ನಾಲ್ಕು ಸೆಲ್‌ಗಳೂ ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಅವನ್ನು ಸಮ ಮಾಡುವ ಕೆಲಸ ಬಿಎಂಎಸ್‌ದು. ಹೆಚ್ಚಿನ ಬ್ಯಾಟರಿಗಳಲ್ಲಿ ಅದು ನಡೆಯುವುದು ಚಾರ್ಜ್ ತುದಿಗೆ ಬಂದಾಗ ಮಾತ್ರ. 14.4 ವೋಲ್ಟ್ ಆಸುಪಾಸಿಗೆ ತಂದು ಒಂದೆರಡು ಗಂಟೆ ಅಲ್ಲೇ ಬಿಟ್ಟರೆ ಸೆಲ್‌ಗಳು ಸಮಕ್ಕೆ ಬರುತ್ತವೆ. ಇನ್ನೊಂದು ಕಾರಣ ಲೆಕ್ಕ. ಶಂಟ್ (ಹರಿಯುವ ಕರೆಂಟ್ ಅಳೆಯುವ ಭಾಗ) ಇರುವ ಬ್ಯಾಟರಿ ಮಾನಿಟರ್‌ಗಳು ಹೋದ ಬಂದ ಕರೆಂಟನ್ನು ಕೂಡಿ ಕಳೆದು ಶೇಕಡಾವಾರು ತೋರಿಸುತ್ತವೆ. ತಿಂಗಳುಗಳಾದ ಮೇಲೆ ಆ ಲೆಕ್ಕ ತಪ್ಪುತ್ತದೆ. ಪೂರ್ತಿ ತುಂಬಿದಾಗ ಅದನ್ನು 100ಕ್ಕೆ ಸರಿ ಮಾಡಿಕೊಂಡರೆ ಅಲ್ಲಿಂದ ಇಳಿಸುವುದು ಸುಲಭ.

ಈ ಕೆಲಸವನ್ನು ಅಕ್ಟೋಬರ್‌ನಲ್ಲೇ ಮುಗಿಸಿ, ಹಗಲು ಇನ್ನೂ 10 ಡಿಗ್ರಿ ಇರುವಾಗ. ರಾತ್ರಿ ಹಿಮ ಕಟ್ಟಿ ಬೆಳಿಗ್ಗೆ ಬಿಸಿಲು ಬಂದರೂ ಬ್ಯಾಟರಿಯ ಒಳಗಿನ ಸೆಲ್ ಇನ್ನೂ ತಣ್ಣಗೇ ಇರುತ್ತದೆ, ಗಾಳಿಯ ತಾಪಮಾನ ನೋಡಿ ಮೋಸ ಹೋಗಬೇಡಿ. ಮನೆಯೊಳಗೆ ತಂದು ಲಿಥಿಯಂ ಚಾರ್ಜರ್‌ನಿಂದ ತುಂಬಿಸಿದರೆ ಇನ್ನೂ ಉತ್ತಮ. ಹಾಗೆ ಮಾಡುವುದಾದರೆ ಎದುರಿಗೆ ಯಾರಾದರೂ ಇರುವಾಗ ಮಾಡಿ, ರಾತ್ರಿ ಮಲಗುವಾಗ ಬೇಡ.

ಇನ್ನು ಇಳಿಸುವುದು. 100 ಆಂಪ್-ಅವರ್ ಬ್ಯಾಟರಿಯನ್ನು ಶೇ. 60ಕ್ಕೆ ತರಬೇಕಾದರೆ 40 ಆಂಪ್-ಅವರ್ ಖರ್ಚು ಮಾಡಬೇಕು. ದೀಪಗಳು, ಸೂರಿನ ಫ್ಯಾನ್, ಫರ್ನೇಸ್‌ನ ಫ್ಯಾನ್ ಎಲ್ಲ ಸೇರಿ 10 ಆಂಪ್ ಎಳೆದರೆ ನಾಲ್ಕು ಗಂಟೆ. ಇನ್ವರ್ಟರ್ ಇದ್ದರೆ 500 ವ್ಯಾಟ್‌ನ ಸಣ್ಣ ಹೀಟರ್ ಹಚ್ಚಿ, ಒಂದು ಗಂಟೆಗೇ ಮುಗಿಯುತ್ತದೆ. ನೀರಿನ ಪಂಪ್‌ನಿಂದ ಆಂಟಿಫ್ರೀಜ್ ಎಳೆಯುವ ಕೆಲಸ ಇನ್ನೂ ಇದ್ದರೆ ಅದನ್ನೂ ಈಗಲೇ ಮಾಡಿ. ಪಂಪ್‌ಗೂ ಬ್ಯಾಟರಿ ಬೇಕಲ್ವಾ?

ಮಾನಿಟರ್ ಇಲ್ಲದವರು ವೋಲ್ಟ್‌ಮೀಟರ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಎಲ್‌ಎಫ್‌ಪಿಯ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಲೋಡ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದರೆ ಪೂರ್ತಿ ತುಂಬಿದ್ದು 13.4ರಿಂದ 13.6, ಅರ್ಧದ್ದು 13.1ರಿಂದ 13.2, ಶೇ. 20ಕ್ಕೆ ಇಳಿದದ್ದೂ 12.9ರ ಹತ್ತಿರ ತೋರಿಸುತ್ತದೆ. ಸೀಸದ ಬ್ಯಾಟರಿಯಲ್ಲಿ 12.7 ಅಂದರೆ ತುಂಬಿದೆ ಅಂತ ಲೆಕ್ಕ. ಇಲ್ಲಿ ಅದೇ 12.7 ಅಂದರೆ ತಳ ಹತ್ತಿರವಾಗಿದೆ. ಈ ಒಂದು ಅಂಕಿ ಅನೇಕರನ್ನು ಯಾಮಾರಿಸುತ್ತದೆ.

ಎಷ್ಟಕ್ಕೆ ಇಡಬೇಕು ಎಂಬುದರಲ್ಲಿ ತಯಾರಕರಲ್ಲೇ ಒಮ್ಮತ ಇಲ್ಲ. ಕೆಲವರು ಶೇ. 50 ಅನ್ನುತ್ತಾರೆ, ಕೆಲವರು ಪೂರ್ತಿ ತುಂಬಿಸಿ ಬಿಚ್ಚಿಡಿ ಅನ್ನುತ್ತಾರೆ. ವಾರಂಟಿ ಇರುವ ತನಕ ನಿಮ್ಮ ಕೈಪಿಡಿ ಹೇಳಿದ್ದೇ ಸರಿ. ಅದು ಏನೂ ಹೇಳದಿದ್ದರೆ ನನ್ನ ಲೆಕ್ಕ ಹೀಗೆ: ಮನೆಯೊಳಗಾದರೆ ಶೇ. 50-60. ಬಿಸಿ ಇಲ್ಲದ ಜಾಗದಲ್ಲಿ, ನಡುವೆ ನೋಡಲು ಆಗದ ಹಾಗೆ ಬಿಡುವುದಾದರೆ ಶೇ. 70-80. ತಣ್ಣಗಿರುವಾಗ ಮುಪ್ಪು ಹೇಗೂ ನಿಧಾನ, ಜಾಸ್ತಿ ಇದ್ದದ್ದು ಸೋರಿಕೆಗೆ ಒದಗುತ್ತದೆ.

ಬ್ಲ್ಯಾಕ್ ಫ್ರೈಡೇ ಸೇಲ್‌ನಲ್ಲಿ ಹೊಸದು ಕೊಂಡು ಡಬ್ಬ ತೆರೆಯದೆ ಏಪ್ರಿಲ್‌ವರೆಗೆ ಇಡುವವರಿಗೂ ಒಂದು ಮಾತು. ವಿಮಾನದಲ್ಲಿ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿ ಸಾಗಿಸುವಾಗ ಚಾರ್ಜ್ ಶೇ. 30 ಮೀರಬಾರದು ಎಂಬ ನಿಯಮ 2016ರಿಂದ ಇದೆ. ಬೇರೆ ದಾರಿಯಲ್ಲಿ ಬಂದದ್ದೂ ಪೂರ್ತಿ ತುಂಬಿರುತ್ತದೆ ಎಂಬ ಭರವಸೆ ಇಲ್ಲ. ಡಬ್ಬ ತೆರೆದು ಒಮ್ಮೆ ತುಂಬಿಸಿ, ಕೆಲಸ ಮಾಡುತ್ತದೋ ಇಲ್ಲವೋ ನೋಡಿ. ವಾಪಸ್ ಕೊಡುವ ಗಡುವು ಚಳಿಗಾಲ ಮುಗಿಯುವವರೆಗೆ ಕಾಯೋದಿಲ್ಲ.

ಹೆಜ್ಜೆ 4: ಬಿಚ್ಚುವ ಮುಂಚಿನ ಕೆಲಸ

ಬ್ಯಾಟರಿ ಹೋದ ಮೇಲೆ ಟ್ರೇಲರ್‌ನಲ್ಲಿ ಏನೇನು ಓಡುವುದಿಲ್ಲ ಅಂತ ಯೋಚಿಸಿ. ಸ್ಲೈಡ್‌ಔಟ್ (ಹೊರಗೆ ಚಾಚುವ ಕೋಣೆಯ ಭಾಗ) ಒಳಗೆ ಬರಬೇಕು, ಆನಿಂಗ್ (ಪಕ್ಕದ ನೆರಳಿನ ಚಪ್ಪರ) ಮಡಚಿರಬೇಕು, ಟ್ರೇಲರ್‌ನ ಮೂತಿಯನ್ನು ಎತ್ತಿಳಿಸುವ ಎಲೆಕ್ಟ್ರಿಕ್ ಟಂಗ್ ಜ್ಯಾಕ್‌ನಿಂದ ಮಟ್ಟ ಸರಿಮಾಡಿರಬೇಕು. ಇವೆಲ್ಲ ಬ್ಯಾಟರಿ ಇದ್ದಾಗಲೇ ಆಗಬೇಕು.

ಅದಕ್ಕಿಂತ ಮುಖ್ಯ ಬ್ರೇಕ್‌ಅವೇ ಸ್ವಿಚ್. ಓಡುವಾಗ ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ತಾನಾಗಿ ಹಿಡಿಯುವುದು ಟ್ರೇಲರ್‌ನ ಬ್ಯಾಟರಿಯ ಬಲದಿಂದ. ಬ್ಯಾಟರಿ ಇಲ್ಲದೆ ರಸ್ತೆಗೆ ಇಳಿಸುವುದು ಅಪಾಯ, ಬಹಳಷ್ಟು ರಾಜ್ಯಗಳಲ್ಲಿ ಕಾನೂನಿಗೂ ವಿರುದ್ಧ. ಆದ್ದರಿಂದ ಟ್ರೇಲರನ್ನು ಲಾಟ್‌ಗೆ ತಲುಪಿಸಿ, ನಿಲ್ಲಿಸಿ, ಆಮೇಲೆ ಬಿಚ್ಚಿ. ನಿಲ್ಲಿಸಿದ ಮೇಲೆ ಬ್ರೇಕ್‌ಅವೇ ಪಿನ್ ಹೊರಬಂದಿಲ್ಲ ತಾನೇ ಎಂದೂ ನೋಡಿ. ಅದು ಹೊರಬಂದಿದ್ದರೆ ಬ್ರೇಕ್ ಮ್ಯಾಗ್ನೆಟ್‌ಗಳು ಕರೆಂಟ್ ತಿನ್ನುತ್ತಲೇ ಇರುತ್ತವೆ.

ಹೆಜ್ಜೆ 5: ಬಿಚ್ಚುವ ಕ್ರಮ

ಉಂಗುರ, ಕಡಗ, ಲೋಹದ ವಾಚ್ ತೆಗೆದಿಡಿ. ಸ್ಪ್ಯಾನರ್ ಹಿಡಿಕೆಗೆ ಇನ್ಸುಲೇಶನ್ ಟೇಪ್ ಸುತ್ತಿ. ಈ ಬ್ಯಾಟರಿ ಶಾರ್ಟ್ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಆಂಪ್ ಹರಿಯುತ್ತದೆ. ಮೊದಲು ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಯಾವ ತಂತಿ ಎಲ್ಲಿತ್ತು ಅಂತ ಏಪ್ರಿಲ್‌ನಲ್ಲಿ ಯಾರಿಗೂ ನೆನಪಿರೋದಿಲ್ಲ. ಆಮೇಲೆ ಹೀಗೆ:

1. ಶೋರ್ ಪವರ್ (ಹೊರಗಿನಿಂದ ಟ್ರೇಲರ್‌ಗೆ ಬರುವ ಕರೆಂಟ್) ಕೇಬಲ್ ತೆಗೆಯಿರಿ. ಎಳೆಯುವ ಗಾಡಿಯ ಏಳು ಪಿನ್ ಕನೆಕ್ಟರ್ ಕೂಡ ಹೊರಗೆ ಬರಲಿ.
2. ಸೋಲಾರ್ ಪ್ಯಾನಲ್‌ನ ಬ್ರೇಕರ್ ಆಫ್ ಮಾಡಿ. ಬ್ರೇಕರ್ ಇಲ್ಲದಿದ್ದರೆ ಪ್ಯಾನಲ್ ಮೇಲೆ ದಪ್ಪ ಬಟ್ಟೆ ಹೊದಿಸಿ ಅಥವಾ ಕತ್ತಲಾದ ಮೇಲೆ ಕನೆಕ್ಟರ್ ಎಳೆಯಿರಿ. ಬಿಸಿಲಿನಲ್ಲಿ ಎಳೆದರೆ ಕಿಡಿ ಹಾರುತ್ತದೆ.
3. ಇನ್ವರ್ಟರ್ ಆಫ್. ದೀಪ, ಫ್ರಿಜ್, ಸ್ಟೀರಿಯೊ ಎಲ್ಲ ಆಫ್.
4. ಬ್ಯಾಟರಿ ಡಿಸ್ಕನೆಕ್ಟ್ ಸ್ವಿಚ್ ಆಫ್.
5. ಮೊದಲು ನೆಗೆಟಿವ್ ತಂತಿ, ಆಮೇಲೆ ಪಾಸಿಟಿವ್.
6. ತಂತಿಗಳ ತುದಿಗೂ ಬ್ಯಾಟರಿಯ ಟರ್ಮಿನಲ್‌ಗೂ ಟೇಪ್ ಇಲ್ಲವೇ ರಬ್ಬರ್ ಟೋಪಿ.

ಸೋಲಾರನ್ನು ಬ್ಯಾಟರಿಗಿಂತ ಮೊದಲು ತೆಗೆಯುವುದಕ್ಕೆ ಕಾರಣ ಉಂಟು. ಬ್ಯಾಟರಿ ಇಲ್ಲದೆ ಪ್ಯಾನಲ್ ಮಾತ್ರ ಜೋಡಿಕೊಂಡಿದ್ದರೆ ಪ್ಯಾನಲ್‌ಗೂ ಬ್ಯಾಟರಿಗೂ ನಡುವೆ ಇರುವ ಚಾರ್ಜ್ ಕಂಟ್ರೋಲರ್‌ಗಳಲ್ಲಿ ಕೆಲವು ಸುಟ್ಟುಹೋಗುತ್ತವೆ. ವಾಪಸ್ ಜೋಡಿಸುವಾಗ ಉಲ್ಟಾ: ಮೊದಲು ಬ್ಯಾಟರಿ, ಕೊನೆಗೆ ಪ್ಯಾನಲ್.

ತಂತಿಯ ತುದಿಗೆ ಟೇಪ್ ಹಾಕಿ ಎಂದದ್ದು ಅಲಂಕಾರಕ್ಕಲ್ಲ. ಚಳಿಗಾಲದ ನಡುವೆ ಯಾರೋ ಏನೋ ನೋಡಲು ಟ್ರೇಲರನ್ನು ಶೋರ್ ಪವರ್‌ಗೆ ಚುಚ್ಚಿದರೆ ಆ ಕರೆಂಟಿನಿಂದ ಬ್ಯಾಟರಿ ತುಂಬಿಸುವ ಕನ್ವರ್ಟರ್ ಎದ್ದು ಆ ಬರಿಯ ತುದಿಗಳಿಗೆ 13-14 ವೋಲ್ಟ್ ಕೊಡುತ್ತದೆ. ಅವೆರಡೂ ಟ್ರೇಲರ್‌ನ ಕಬ್ಬಿಣದ ಚೌಕಟ್ಟಿಗೆ ತಾಗಿದರೆ ಗೊತ್ತಲ್ಲ.

ಎರಡು ಮೂರು ಬ್ಯಾಟರಿ ಇದ್ದರೆ ಒಂದಕ್ಕೊಂದು ಜೋಡಿಸಿದ ತಂತಿಗಳನ್ನೂ ಬಿಚ್ಚಿ ಬೇರೆ ಬೇರೆ ಇಡಿ, ನಂಬರ್ ಹಾಕಿ. ಜೋಡಿಯಲ್ಲೇ ಬಿಟ್ಟರೆ ಒಂದು ಕೆಟ್ಟರೆ ಇನ್ನೊಂದನ್ನೂ ಎಳೆಯುತ್ತದೆ, ಯಾವುದು ಕೆಟ್ಟಿತು ಅಂತಲೂ ತಿಳಿಯುವುದಿಲ್ಲ.

ಟ್ರೇಲರ್‌ನಲ್ಲೇ ಬಿಡಲೇಬೇಕಾದರೆ

ಮಂಚದ ಕೆಳಗೆ ಬೋಲ್ಟ್ ಹಾಕಿ ಕೂರಿಸಿದ ದೊಡ್ಡ ಬ್ಯಾಟರಿಗಳನ್ನು ತೆಗೆಯುವುದು ಸುಲಭ ಅಲ್ಲ, ಒಪ್ಪುತ್ತೇನೆ. ಆಗ ಬಿಟ್ಟುಬಿಡಬಹುದು, ಆದರೆ ಎರಡು ಷರತ್ತು.

ನಿಮ್ಮೂರಿನ ಚಳಿ ಬ್ಯಾಟರಿಯ ಕೆಳಗಡಿಗಿಂತ ಕೆಳಗೆ ಹೋಗಬಾರದು. ಸರಾಸರಿ ನೋಡಬೇಡಿ, ಅತಿ ಕಡಿಮೆ ನೋಡಿ. 2019ರ ಜನವರಿ ಕೊನೆಯಲ್ಲಿ ಷಿಕಾಗೊದಲ್ಲೇ ಮೈನಸ್ 30 ಸೆಲ್ಸಿಯಸ್ ಆಗಿತ್ತು. ಮಿನೆಸೋಟದ ಟವರ್ ಎಂಬ ಊರಿನ ಬಳಿ 1996ರ ಫೆಬ್ರುವರಿ 2ರಂದು ಮೈನಸ್ 51 ಮುಟ್ಟಿತ್ತು, ಅದು ಆ ರಾಜ್ಯದ ದಾಖಲೆ. ಇಂಥ ಕಡೆ ಮೈನಸ್ 20ರ ಬ್ಯಾಟರಿಯನ್ನು ಹೊರಗೆ ಬಿಡುವುದು ಜೂಜು. ಓಹಾಯೊ, ಪೆನ್ಸಿಲ್ವೇನಿಯಾದ ದಕ್ಷಿಣ ಭಾಗಗಳಲ್ಲಿ ಚಳಿ ಸಾಮಾನ್ಯವಾಗಿ ಇಷ್ಟು ಇರುವುದಿಲ್ಲ, ಆದರೂ ಅಲ್ಲಿಯ ಅತಿ ಕಡಿಮೆ ತಾಪಮಾನ ನೋಡಿಯೇ ಬಿಡಿ.

ಎರಡನೆಯ ಷರತ್ತು, ಬ್ಯಾಟರಿಯಿಂದ ಒಂದು ತಂತಿಯೂ ಹೊರಹೋಗಬಾರದು. ಡಿಸ್ಕನೆಕ್ಟ್ ಸ್ವಿಚ್ ಆಫ್ ಮಾಡಿದೆ, ಸಾಕು ಅಂತ ಬಿಡುವವರೇ ಹೆಚ್ಚು. ಆ ಸ್ವಿಚ್ ಎಲ್ಲವನ್ನೂ ಕಡಿಯುವುದಿಲ್ಲ. ಎಷ್ಟೋ ಟ್ರೇಲರ್‌ಗಳಲ್ಲಿ ಪ್ರೋಪೇನ್ ಗ್ಯಾಸ್ ಸೋರಿಕೆಯ ಅಲಾರಂ, ಬ್ರೇಕ್‌ಅವೇ ಸ್ವಿಚ್, ಟಂಗ್ ಜ್ಯಾಕ್, ಸೋಲಾರ್ ಕಂಟ್ರೋಲರ್ ಇವೆಲ್ಲ ಸ್ವಿಚ್‌ನ ಆಚೆ, ನೇರ ಬ್ಯಾಟರಿಗೆ ಜೋಡಿಸಿರುತ್ತಾರೆ. ಅವೆಲ್ಲ ಸೇರಿ 0.1 ಆಂಪ್ ಎಳೆಯುತ್ತವೆ ಎಂದುಕೊಳ್ಳಿ. ದಿನಕ್ಕೆ 2.4 ಆಂಪ್-ಅವರ್. ಅರ್ಧ ತುಂಬಿದ 100 ಆಂಪ್-ಅವರ್ ಬ್ಯಾಟರಿ ಮೂರು ವಾರದಲ್ಲಿ ಬರಿದು. ಇನ್ವರ್ಟರನ್ನು ಸ್ಟ್ಯಾಂಡ್‌ಬೈನಲ್ಲಿ ಮರೆತರೆ ಅದೊಂದೇ 1 ಆಂಪ್ ತಿನ್ನಬಹುದು, ಆಗ ಎರಡೇ ದಿನ.

ಸಂಶಯ ಇದ್ದರೆ ಅಳೆಯಿರಿ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರನ್ನು ನೆಗೆಟಿವ್ ತಂತಿಗೆ ಕಚ್ಚಿಸಿ, ಎಲ್ಲ ಆಫ್ ಮಾಡಿ ನೋಡಿ. ಶಂಟ್ ಮಾನಿಟರ್ ಇದ್ದರೆ ಅದೇ ಹೇಳುತ್ತದೆ. ಸೊನ್ನೆ ಬಾರದಿದ್ದರೆ ನೆಗೆಟಿವ್ ತಂತಿಯನ್ನೇ ಬಿಚ್ಚಿ ಟೇಪ್ ಸುತ್ತಿ. ಟ್ರೇಲರ್‌ನಲ್ಲಿ ಯಾರೂ ಮಲಗುವುದಿಲ್ಲ, ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿದೆ ಅಂದಮೇಲೆ ಆ ಅಲಾರಂ ಚಳಿಗಾಲದಲ್ಲಿ ಯಾರಿಗಾಗಿ ಓಡಬೇಕು?

ಸೋಲಾರನ್ನು ಜೋಡಿಸಿಯೇ ಬಿಟ್ಟರೆ ಅದು ತಾನೇ ಚಾರ್ಜ್ ಮಾಡಿಕೊಳ್ಳುತ್ತದಲ್ಲ ಎಂಬ ವಾದ ಬರುತ್ತದೆ. ಚಳಿಗಾಲದ ಬಿಸಿಲು ಚುರುಕಾಗಿರುವ ದಿನವೇ ಹೊರಗೆ ಮೈನಸ್ 15 ಇರುತ್ತದೆ. ಬಿಎಂಎಸ್ ತಡೆದರೆ ಸರಿ. ತಡೆಯುವ ವ್ಯವಸ್ಥೆ ಇಲ್ಲದ ಬ್ಯಾಟರಿಯಾದರೆ ಪ್ರತಿ ಬಿಸಿಲಿಗೂ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಪ್ಯಾನಲ್ ಮೇಲೆ ಹಿಮ ಕೂತಿದ್ದರೆ ಆ ಚಾರ್ಜ್ ಕೂಡ ಇಲ್ಲ. ಕನ್ವರ್ಟರ್ ಹಚ್ಚಿಟ್ಟರೂ ಇದೇ ತೊಂದರೆ, ಅದರ ಮೇಲೆ ಸೀಸದ ಬ್ಯಾಟರಿಗೆಂದು ಮಾಡಿದ ಹಳೆಯ ಕನ್ವರ್ಟರ್ ಆದರೆ ಲಿಥಿಯಂಗೆ ಬೇಡದ ವೋಲ್ಟೇಜ್ ಆಟಗಳನ್ನೂ ಆಡುತ್ತದೆ.

ಹೆಜ್ಜೆ 6: ನಡುವೆ ಒಂದೆರಡು ಸಲ ನೋಡಿ

ಮನೆಯೊಳಗಿನ ಬ್ಯಾಟರಿಯನ್ನು ಮೂರು ತಿಂಗಳಿಗೊಮ್ಮೆ ಅಳೆದರೆ ಧಾರಾಳವಾಯಿತು. 13 ವೋಲ್ಟ್ ಮೇಲಿದ್ದರೆ ಮುಟ್ಟಬೇಡಿ. 12.8ಕ್ಕಿಂತ ಕೆಳಗೆ ಬಂದಿದ್ದರೆ ಒಂದು ಸಲ ಚಾರ್ಜ್ ಮಾಡಿ. ಬ್ಲೂಟೂತ್ ಇರುವ ಬ್ಯಾಟರಿಗಳಲ್ಲಿ ಬಿಎಂಎಸ್ ಸ್ವಲ್ಪ ಜಾಸ್ತಿ ಕರೆಂಟ್ ತಿನ್ನುತ್ತದೆ. ಆಫ್ ಮಾಡುವ ಗುಂಡಿ ಇದ್ದರೆ ಬಳಸಿ.

ಹೊರಗಿನಿಂದ ಒಳಗೆ ತಂದ ಬ್ಯಾಟರಿಗೆ ತಕ್ಷಣ ಚಾರ್ಜರ್ ಹಾಕಬೇಡಿ. ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿದ್ದರೂ ಒಳಗಿನ ಸೆಲ್ ಬಿಸಿಯಾಗಲು ಬಹಳ ಹೊತ್ತು ಬೇಕು. ಒಂದು ಇಡೀ ದಿನ ಬಿಡಿ. ಮೇಲೆ ಕೂತ ಹನಿಗಳೂ ಅಷ್ಟರಲ್ಲಿ ಆರಿರುತ್ತವೆ.

ಮೀಟರ್ ಸೊನ್ನೆ ತೋರಿಸಿದರೆ ಗಾಬರಿ ಬೇಡ. ಬಹುಶಃ ಚಾರ್ಜ್ ತೀರಾ ಇಳಿದು ಬಿಎಂಎಸ್ ಬಾಗಿಲು ಹಾಕಿಕೊಂಡಿದೆ, ಸೆಲ್‌ಗಳಲ್ಲಿ ಇನ್ನೂ ಜೀವ ಇರಬಹುದು. ಸಾಮಾನ್ಯ ಚಾರ್ಜರ್ ಇದನ್ನು ಕಂಡು ಬ್ಯಾಟರಿಯೇ ಇಲ್ಲ ಎಂದುಕೊಂಡು ಶುರುವಾಗುವುದಿಲ್ಲ. ಮಲಗಿದ ಲಿಥಿಯಂ ಬ್ಯಾಟರಿಯನ್ನು ಎಬ್ಬಿಸುವ ಸೌಲಭ್ಯ ಇರುವ ಚಾರ್ಜರ್ ಬೇಕು. ಎಬ್ಬಿಸಿದ ಮೇಲೂ ವೋಲ್ಟೇಜ್ ಏರದಿದ್ದರೆ, ಪೆಟ್ಟಿಗೆ ಬಿಸಿಯಾದರೆ, ಊದಿಕೊಂಡರೆ ಅಲ್ಲಿಗೇ ನಿಲ್ಲಿಸಿ ತಯಾರಕರನ್ನು ಕೇಳಿ. ತಿಂಗಳುಗಟ್ಟಲೆ ಪೂರ್ತಿ ಖಾಲಿ ಬಿದ್ದ ಸೆಲ್ ಒಳಗಿನ ತಾಮ್ರ ಕರಗಿರಬಹುದು, ಅಂಥದ್ದಕ್ಕೆ ಬಲವಂತವಾಗಿ ಕರೆಂಟ್ ತುಂಬುವುದು ಅಪಾಯ.

ಟ್ರೇಲರ್‌ನಲ್ಲಿ ಉಳಿದ ಬೇರೆ ಲಿಥಿಯಂ ಸಾಮಾನುಗಳೂ ಇರುತ್ತವೆ. ಪವರ್ ಸ್ಟೇಷನ್, ಡ್ರಿಲ್‌ನ ಬ್ಯಾಟರಿ, ಲಾಟೀನು. ಎಲ್ಲವನ್ನೂ ಅರ್ಧ ಚಾರ್ಜಿನಲ್ಲಿ ಮನೆಗೆ ತನ್ನಿ.

ಅರಿಜೋನಾ ಕಡೆಯವರಿಗೆ

ಅಲ್ಲಿ ಟ್ರೇಲರ್ ಓಡಾಡುವುದೇ ಚಳಿಗಾಲದಲ್ಲಿ, ಎತ್ತಿಡುವುದು ಬೇಸಿಗೆಯಲ್ಲಿ. ಫೀನಿಕ್ಸ್‌ನಲ್ಲಿ ಹೊರಗೆ 45 ಡಿಗ್ರಿ ಇದ್ದರೆ ಮುಚ್ಚಿದ ಟ್ರೇಲರ್ ಒಳಗೆ ಇನ್ನೂ ಜಾಸ್ತಿ. ಲಿಥಿಯಂಗೆ ಚಳಿಗಿಂತ ಈ ಬಿಸಿಯೇ ದೊಡ್ಡ ಶತ್ರು. ಇಲ್ಲಿ ಚಾರ್ಜ್ ಶೇ. 50 ಮೀರದಿರಲಿ, ಬ್ಯಾಟರಿ ಎಸಿ ಇರುವ ಮನೆಯೊಳಗೆ ಇರಲಿ.

ಹೆಜ್ಜೆ 7: ಏಪ್ರಿಲ್‌ನಲ್ಲಿ ವಾಪಸ್ ಕೂರಿಸುವುದು

ಹಿಮ ಕರಗಿದ ಮೇಲೆ ಮನೆಯಲ್ಲೇ ಒಮ್ಮೆ ಪೂರ್ತಿ ಚಾರ್ಜ್ ಮಾಡಿ. ಎರಡು ಬ್ಯಾಟರಿಗಳನ್ನು ಸಮಾನಾಂತರವಾಗಿ ಜೋಡಿಸುವವರು ಪ್ರತಿಯೊಂದನ್ನೂ ಬೇರೆ ಬೇರೆ ತುಂಬಿಸಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. ವ್ಯತ್ಯಾಸ 0.1 ವೋಲ್ಟ್ ಒಳಗಿರಬೇಕು. ಒಂದು ತುಂಬಿ ಇನ್ನೊಂದು ಅರ್ಧ ಇದ್ದಾಗ ಜೋಡಿಸಿದರೆ ತುಂಬಿದ್ದು ಖಾಲಿಯದಕ್ಕೆ ಒಮ್ಮೆಲೇ ಕರೆಂಟ್ ಸುರಿಯುತ್ತದೆ, ಬಿಎಂಎಸ್ ಕಡಿದುಕೊಳ್ಳುತ್ತದೆ.

ಟರ್ಮಿನಲ್ ಸ್ವಚ್ಛ ಮಾಡಿ, ಇಲಿ ಕಡಿದ ತಂತಿ ಇದೆಯೇ ನೋಡಿ, ಫೋಟೊ ಮುಂದಿಟ್ಟುಕೊಂಡು ಜೋಡಿಸಿ. ಈಗ ಮೊದಲು ಪಾಸಿಟಿವ್, ಆಮೇಲೆ ನೆಗೆಟಿವ್. ಟ್ರೇಲರ್‌ಗಳಲ್ಲಿ ಪಾಸಿಟಿವ್ ತಂತಿ ಕಪ್ಪು, ನೆಗೆಟಿವ್ ಬಿಳಿ ಇರುವುದು ಮಾಮೂಲು. ಕಪ್ಪು ಅಂದರೆ ನೆಗೆಟಿವ್ ಎಂದು ಕಾರಿನ ಲೆಕ್ಕದಲ್ಲಿ ಉಲ್ಟಾ ಜೋಡಿಸಿದರೆ ಕನ್ವರ್ಟರ್‌ನ ಫ್ಯೂಸ್‌ಗಳು ಹೋಗುತ್ತವೆ. ಹಾಗಾದ ಮೇಲೆ ದೀಪ ಉರಿಯುತ್ತದೆ, ಆದರೆ ಶೋರ್ ಪವರ್ ಹಾಕಿದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಮೊದಲು ಆ ಫ್ಯೂಸ್ ನೋಡಿ, ಮೆಕ್ಯಾನಿಕ್ ಹತ್ತಿರ ಓಡಬೇಡಿ. ದೊಡ್ಡ ಇನ್ವರ್ಟರ್ ಇದ್ದರೆ ಕೊನೆಯ ತಂತಿ ತಾಗಿಸುವಾಗ ಒಂದು ಕಿಡಿ ಹಾರುತ್ತದೆ. ಅದು ಅದರೊಳಗಿನ ಕೆಪಾಸಿಟರ್ ತುಂಬಿಕೊಳ್ಳುವ ಕಿಡಿ. ಇನ್ವರ್ಟರ್ ಕಡೆಯ ಡಿಸ್ಕನೆಕ್ಟ್ ಸ್ವಿಚ್ ಆಫ್ ಇಟ್ಟು ಜೋಡಿಸಿದರೆ ಟರ್ಮಿನಲ್‌ನಲ್ಲಿ ಕಿಡಿ ಬರುವುದಿಲ್ಲ. ಬೋಲ್ಟ್ ಬಿಗಿ ಮಾಡಿ, ಸಡಿಲ ಇದ್ದರೆ ಅಲ್ಲೇ ಬಿಸಿಯಾಗುತ್ತದೆ. ತೀರಾ ಬಿಗಿ ಮಾಡಿದರೆ ಟರ್ಮಿನಲ್‌ನ ತಿರುಪಿನ ಥ್ರೆಡ್ಡೇ ಕಿತ್ತುಬರುತ್ತದೆ, ಕೈಪಿಡಿಯಲ್ಲಿ ಎಷ್ಟು ಬಿಗಿ ಅಂತ ಇರುತ್ತದೆ.

ಆಮೇಲೆ ಸೋಲಾರ್ ಆನ್. ಮಾನಿಟರ್ 100ಕ್ಕೆ ಬಂದಿದೆಯೇ ನೋಡಿ. ಪ್ರೋಪೇನ್ ಅಲಾರಂನ ದೀಪ ಹತ್ತಬೇಕು. ಎತ್ತಿಡುವಾಗ ಆಫ್ ಮಾಡಿದ ಬ್ಯಾಟರಿಯ ಹೀಟರ್ ಈಗಲೂ ಆಫ್ ಇದೆ, ಮೇ ತಿಂಗಳ ಉತ್ತರದ ಕ್ಯಾಂಪ್‌ಗಳಲ್ಲಿ ರಾತ್ರಿ ಸೊನ್ನೆಗೆ ಇಳಿಯುವುದುಂಟು, ಬೇಕಿದ್ದರೆ ಅದನ್ನೂ ಆನ್ ಮಾಡಿ. ರಸ್ತೆಗೆ ಇಳಿಯುವ ಮುನ್ನ ಟ್ರೇಲರನ್ನು ಗಾಡಿಗೆ ಕಟ್ಟಿ, ಏಳು ಪಿನ್ ಕನೆಕ್ಟರ್ ತೆಗೆದು, ಬ್ರೇಕ್‌ಅವೇ ಪಿನ್ ಎಳೆದು ಮೆಲ್ಲಗೆ ಒಂದಡಿ ಮುಂದೆ ಎಳೆಯಿರಿ. ಟ್ರೇಲರ್‌ನ ಚಕ್ರ ಹಿಡಿದುಕೊಂಡರೆ ಬ್ಯಾಟರಿ ಸರಿಯಾಗಿ ಕೂತಿದೆ. ಪಿನ್ ವಾಪಸ್ ಹಾಕಲು ಮರೆಯಬೇಡಿ.